ಲೋಕ ಮುಗಿಸಿದ ಮುದುಕಿ ನಾನಲ್ಲ

ನನ್ನ ತಮ್ಮನ ಮಗ ಒಂದು ಸಿನಿಮಾ ಮಾಡಿ, ಅದರಲ್ಲಿ ನನ್ನನ್ನು ಕೊಲ್ಲಿಸಿದ್ದಾನೆ. ಗೋಕಾಕದ ಟಾಕೀಸಿನಲ್ಲಿ ನನ್ನದೇ ಬಂಧುಬಳಗದ ನಡುವೆ ಕುಳಿತು, ನಾನು ಸಾಯುವುದನ್ನು ನಾನೇ ಕಣ್ಣಾರೆ ಕಂಡೆ. ಪರದೆಯ ಮೇಲೆ ನನ್ನ ಕತ್ತು ವಾಲಿದಾಗ ಹಿಂದಿನ ಸಾಲುಗಳಲ್ಲಿ ಸೀಟಿ ಹೊಡೆದರು. ಪಕ್ಕದಲ್ಲಿದ್ದ ತಮ್ಮ ಚಪ್ಪಾಳೆ ತಟ್ಟಿದ. ನನಗಾದ ಅನ್ಯಾಯ ಇದು. ಇದನ್ನು ಮೊದಲಿಗೇ ಹೇಳಿಬಿಡುತ್ತಿದ್ದೇನೆ, ಏಕೆಂದರೆ ನಮ್ಮ ಮನೆತನದವರಿಗೆ ಯಾವ ಮಾತನ್ನೂ ಕೊನೆಯವರೆಗೆ ಕೇಳುವ ತಾಳ್ಮೆಯಿಲ್ಲ.

ಹುಕ್ಕೇರಿಯ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು ನಾನು. ತವರು ಮೂಡಲಗಿ. ಈ ಸೋದರಳಿಯ ನಿಡಸೋಸಿಯ ಇಂಜಿನಿಯರಿಂಗ್ ಕಾಲೇಜು ಸೇರಿದಾಗ, ಹಾಸ್ಟೆಲ್ಲಿನ ಊಟ ಮಗನಿಗೆ ಒಗ್ಗದೆಂದು ತಮ್ಮನ ಹೆಂಡತಿ ಅವನನ್ನು ತಂದು ನಮ್ಮ ಮನೆಯಲ್ಲಿ ಬಿಟ್ಟಳು. ಡಿಗ್ರಿ ಮುಗಿಯುವವರೆಗೆ ಅವನು ನಮ್ಮ ಪಡಸಾಲೆಯಲ್ಲೇ ಓದಿದ, ನಮ್ಮ ಅಡುಗೆಮನೆಯಲ್ಲೇ ಉಂಡ. ಅವನಿಗೆ ಬದನೆಕಾಯಿ ಎಣ್ಣೆಗಾಯಿ ಸೇರುತ್ತದೆ, ಮೆಂತ್ಯದ ಪಲ್ಯ ಸೇರುವುದಿಲ್ಲ ಎಂಬುದು ನನಗೆ ಈಗಲೂ ನೆನಪಿದೆ. ಅವನಿಗೆ ನನ್ನ ಬಗ್ಗೆ ಏನೇನು ನೆನಪಿದೆ ಎಂಬುದು ಸಿನಿಮಾ ನೋಡಿದ ದಿನ ತಿಳಿಯಿತು.

ಸಿನಿಮಾದ ಕಥೆ ಹೀಗಿದೆ. ಆಕಾಶದಿಂದ ಒಂದು ಬಗೆಯ ಬೂದಿ ಉದುರುತ್ತದೆ. ಆ ಬೂದಿ ಭೂಮಿಯ ಮೇಲಿನ ಉಪ್ಪನ್ನೆಲ್ಲ ತಿಂದುಹಾಕುತ್ತದೆ. ಸಮುದ್ರ ಸಪ್ಪೆಯಾಗುತ್ತದೆ, ದನಕರು ನಿಂತಲ್ಲೇ ಕುಸಿಯುತ್ತವೆ, ಮನುಷ್ಯರು ಸುಸ್ತಾಗಿ, ನಾಲಗೆ ತೊದಲಿ, ಹುಚ್ಚು ಹಿಡಿದು ಸಾಯುತ್ತಾರೆ. ಲೋಕದಲ್ಲಿ ಉಳಿದಿರುವುದು ಒಂದೇ ಒಂದು ಚೀಲ ಉಪ್ಪು. ಅದು ಒಬ್ಬ ಮುದುಕಿಯ ಮನೆಯಲ್ಲಿದೆ. ನಾಯಕ ತನ್ನ ತಂಗಿಯನ್ನು ಹೊತ್ತುಕೊಂಡು ಅವಳ ಬಾಗಿಲಿಗೆ ಬರುತ್ತಾನೆ. ಮುದುಕಿ ಹೊಸ್ತಿಲ ಬಳಿ ದೀಪ ಹಚ್ಚಿಟ್ಟು ಕುಳಿತಿದ್ದಾಳೆ. "ದೀಪ ಹಚ್ಚಿದ ಮ್ಯಾಲ ಉಪ್ಪ ಹೊರಗ ಕೊಡಂಗಿಲ್ಲ. ಆತಲ್ಲ?" ಎಂದು ಬಾಗಿಲು ಹಾಕುತ್ತಾಳೆ. ತಂಗಿ ಹೊಸ್ತಿಲ ಹೊರಗೆ ಸಾಯುತ್ತಾಳೆ. ನಾಯಕ ಬಾಗಿಲು ಒಡೆಯುತ್ತಾನೆ. ಮುಂದಿನದನ್ನು ಆಗಲೇ ಹೇಳಿದ್ದೇನೆ.

ಆ ಮುದುಕಿ ಉಟ್ಟಿದ್ದು ನನ್ನ ಕಂದು ಇಳಕಲ್ ಸೀರೆ. ಕನ್ನಡಕಕ್ಕೆ ಕಟ್ಟಿದ ಕರಿಯ ದಾರ ನನ್ನದು. ಸೊಂಟದ ಬೀಗದಕೈ ಗೊಂಚಲು ನನ್ನದು. ಪ್ರತಿ ಮಾತಿನ ಕೊನೆಗೆ ಬರುವ "ಆತಲ್ಲ?" ಎಂಬುದು ನಾನು ಸೇವೆಯುದ್ದಕ್ಕೂ ತರಗತಿಯಲ್ಲಿ ಆಡಿದ ಮಾತು, ಹುಕ್ಕೇರಿ ತಾಲೂಕಿನಲ್ಲಿ ಅದನ್ನು ಕೇಳಿ ದೊಡ್ಡವರಾದ ಹೆಣ್ಣುಮಕ್ಕಳು ಮನೆಮನೆಗೂ ಇದ್ದಾರೆ. ನನ್ನ ಯಜಮಾನರು, ಹಿಡಕಲ್ಲಿನಲ್ಲಿ ನೀರಾವರಿ ಇಲಾಖೆಯಲ್ಲಿದ್ದು ನಿವೃತ್ತರಾದವರು, ಕತ್ತಲಲ್ಲಿ ನನ್ನ ಕಡೆ ವಾಲಿ, "ಏ, ಆಕಿ ಥೇಟ ನಿನ್ನಂಗ ಅದಾಳಲ್ಲ" ಎಂದು ನಕ್ಕರು. ಅವರಿಗೆ ಇನ್ನೂ ಕಥೆ ತಿಳಿದಿರಲಿಲ್ಲ. ತಿಳಿದ ಮೇಲೆ ನಗುವುದನ್ನು ನಿಲ್ಲಿಸಿದರು. ಆದರೆ ನಕ್ಕಿದ್ದು ನಕ್ಕಿದ್ದೇ.

ಹೊರಗೆ ಬರುವಾಗ ನನ್ನ ಹಿಂದಿದ್ದ ಒಬ್ಬ ತರುಣ ಗೆಳೆಯನಿಗೆ ಹೇಳುತ್ತಿದ್ದ: "ಆ ಮುದುಕಿನ್ನ ಹೊಡದ್ರು ನೋಡ, ಅಲ್ಲಿಗೆ ಪೈಸೆ ವಸೂಲ." ತಮ್ಮ ಟಾಕೀಸಿನ ಬಾಗಿಲಲ್ಲೇ ನಿಂತು ಕಂಡಕಂಡವರಿಗೆಲ್ಲ ಕರದಂಟು ಹಂಚಿದ. ನನಗೂ ಒಂದು ತುಂಡು ಕೊಟ್ಟ. ನಾನು ಅದನ್ನು ತಿನ್ನಲಿಲ್ಲ.

ಕಾರಿನಲ್ಲಿ ಮನೆಯವರ ವಿಮರ್ಶೆ ನಡೆಯಿತು. ತಮ್ಮನ ಹೆಂಡತಿ ಮುಂದಿನ ಸೀಟಿನಿಂದ ತಿರುಗಿ, "ಅಕ್ಕಾರ, ನಿಮ್ಮಂಥಾ ಪಾರ್ಟ್ ಯಾರಿಗೆ ಸಿಗತೈತ್ರಿ? ಹೀರೋಯಿನ್‌ಗೂ ಅಷ್ಟ ಮಾತಿಲ್ಲ" ಎಂದಳು.

"ಅಕ್ಕಾ, ಸಿನಿಮಾ ಅಂದಮ್ಯಾಲ ಒಬ್ಬರು ಕೆಟ್ಟವರು ಬೇಕಾಗತಾರ" ಎಂದ ತಮ್ಮ.

"ಹಂಗಾರ ನಿನ್ನನ್ನ ಕೆಟ್ಟವನ ಮಾಡಬೇಕಿತ್ತು. ಆ ಹುಡುಗನ ಅಪ್ಪ ನೀನ ಅದೀಯಲ್ಲ."

"ನಾ ಏನ ಮಾಡೀನಿ?"

"ನಾನೂ ಅದನ್ನ ಕೇಳಾಕತ್ತೇನಿ. ನಾ ಏನ ಮಾಡೀನಿ?"

ತಮ್ಮ ಕಾರಿನ ರೇಡಿಯೋ ಹಚ್ಚಿದ, ಹುಕ್ಕೇರಿ ಮುಟ್ಟುವವರೆಗೆ ಅದೇ ಹಾಡಿತು. ಆದ್ದರಿಂದ ನಾನು ಏನು ಮಾಡಿದ್ದೆ ಎಂಬುದನ್ನು ಇಲ್ಲಿ ನಾನೇ ಹೇಳಬೇಕಾಗಿದೆ.

ಅಳಿಯ ನಮ್ಮ ಮನೆಯಲ್ಲಿದ್ದ ವರ್ಷಗಳಲ್ಲಿ ಒಂದು ಮಳೆಗಾಲ ಹಿರಣ್ಯಕೇಶಿ ಉಕ್ಕಿ, ಸಂಕೇಶ್ವರದ ಕೆಳಗಿನ ಓಣಿಗಳಿಗೆ ನೀರು ನುಗ್ಗಿತು. ಕೆಲವು ಕುಟುಂಬಗಳನ್ನು ಟ್ರ್ಯಾಕ್ಟರಿನಲ್ಲಿ ಕರೆತಂದು ನಮ್ಮ ಮನೆಯೆದುರಿನ ಶಾಲೆಯಲ್ಲಿ ಇರಿಸಿದರು. ದಾನಿಗಳು ಅಕ್ಕಿ ಕಳಿಸಿದರು, ತೊಗರಿಬೇಳೆ ಕಳಿಸಿದರು. ಉಪ್ಪಿನ ನೆನಪು ಯಾರಿಗೂ ಆಗಲಿಲ್ಲ. ಮಳೆಗೆ ಅಂಗಡಿಗಳು ಮುಚ್ಚಿದ್ದವು. ಸಂಜೆ ನಾನು ದೇವರ ಮುಂದೆ ದೀಪ ಹಚ್ಚಿ ಹೊರಗೆ ಬಂದಾಗ ಒಬ್ಬ ಹೆಂಗಸು ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಸೀರೆಯ ಅಂಚಿಗೆ ಕೆಸರು ಒಣಗಿ ಅಂಟಿತ್ತು.

ದೀಪ ಹಚ್ಚಿದ ಮೇಲೆ ಉಪ್ಪು, ಹೆಪ್ಪು, ಸೂಜಿ ಇವನ್ನು ನಮ್ಮ ಮನೆಯಿಂದ ಹೊರಗೆ ಕೊಡುವುದಿಲ್ಲ. ಅತ್ತೆಯವರ ಕಾಲದಿಂದ ನಡೆದುಬಂದ ರೂಢಿ. ಬಸವಣ್ಣನನ್ನು ನಂಬುವ ಮನೆಯಲ್ಲಿ ಇಂಥ ನೇಮ ಸಲ್ಲುತ್ತದೆಯೇ ಎಂದು ಯಾರಾದರೂ ವಾದಿಸುವುದಾದರೆ ವಾದಿಸಲಿ. ನಾನೂ ಸೊಸೆಯಾಗಿ ಬಂದ ಹೊಸದರಲ್ಲಿ ವಾದಿಸಿದ್ದೇನೆ. ಆದರೆ ಆ ರೂಢಿಗೆ ಇನ್ನೊಂದು ಭಾಗವಿದೆ, ಅದು ನಮ್ಮ ಓಣಿಯ ಪ್ರತಿ ಹೆಂಗಸಿಗೂ ಗೊತ್ತು. ಕೊಡುವುದಿಲ್ಲ ಎಂದವಳು ಕೇಳಲು ಬಂದವರನ್ನು ಹಾಗೆಯೇ ಕಳಿಸುವಂತಿಲ್ಲ, ಒಳಗೆ ಕರೆಯಲೇಬೇಕು. ಉಪ್ಪು ಹೊಸ್ತಿಲು ದಾಟಬಾರದು, ಉಪ್ಪು ಬಿದ್ದ ಅಡುಗೆ ಎಷ್ಟು ಬೇಕಾದರೂ ದಾಟಬಹುದು. ನಾನು ಆ ಹೆಂಗಸಿಗೆ ಹೇಳಿದ ಪೂರ್ಣ ಮಾತು ಇದು:

"ದೀಪ ಹಚ್ಚಿದ ಮ್ಯಾಲ ಉಪ್ಪ ಹೊರಗ ಕೊಡಂಗಿಲ್ಲವಾ. ನಿಮ್ಮ ಪಾತೇಲಿ ಒಳಗ ತರ್ರಿ, ನಮ್ಮ ಒಲಿ ಮ್ಯಾಲ ಇಡ್ರಿ, ಉಪ್ಪ ನಾ ಹಾಕತೇನಿ. ಆತಲ್ಲ?"

ಅವಳು ನಕ್ಕು, "ಪಾತೇಲಿ ಬಾಳ ದೊಡ್ಡದೈತ್ರಿ ಅಕ್ಕಾವ್ರ, ನಿಮ್ಮ ಬಾಗಿಲದಾಗ ಹಿಡಸತೈತೋ ಇಲ್ಲೋ" ಎಂದಳು. ಹಿಡಿಸಿತು. ಹಿತ್ತಲಿನ ಕಟ್ಟಿಗೆ ಒಲೆಯ ಮೇಲೆ ಬೇಳೆ ಕುದಿಯಿತು, ಅನ್ನವಾಯಿತು. ಮಕ್ಕಳು ನಮ್ಮ ಪಡಸಾಲೆಯಲ್ಲಿ ಸಾಲಾಗಿ ಕುಳಿತು ಉಂಡರು. ನೀರು ಇಳಿದು ಅವರು ಊರಿಗೆ ಮರಳುವವರೆಗೆ ದಿನವೂ ಹಾಗೆಯೇ ನಡೆಯಿತು. ಆ ಪಾತೇಲಿಯ ಒಂದು ಕಿವಿಯನ್ನು ಆ ಹೆಂಗಸು ಹಿಡಿದಿದ್ದಳು. ಇನ್ನೊಂದು ಕಿವಿಯನ್ನು ಹಿಡಿದು ಒಳಗೆ ತಂದವನು ಇದೇ ನನ್ನ ಅಳಿಯ.

ಅವನಿಗೆ ಗೊತ್ತಿರಲಿಲ್ಲ ಎಂದು ಯಾರೂ ಹೇಳಬಾರದೆಂದೇ ಇದನ್ನು ಬರೆದೆ.

ಇನ್ನು ಪಂಡಿತರ ಅಭಿಪ್ರಾಯಗಳು. ರಾಜಧಾನಿಯ ಒಂದು ಪತ್ರಿಕೆಯ ವಿಮರ್ಶಕರು ಆ ಮುದುಕಿಯಲ್ಲಿ "ನಮ್ಮ ಸಮಾಜದ ಕಲ್ಲು ಹೃದಯ"ವನ್ನು ಕಂಡರು. ಇನ್ನೊಬ್ಬರಿಗೆ ಅವಳ ಹೊಸ್ತಿಲು ಉತ್ತರ ಕರ್ನಾಟಕದ ಮೂಢನಂಬಿಕೆಯ ಗಡಿರೇಖೆಯಾಗಿ ತೋರಿತು. ಅವರು ಬೆಳಗಾವಿ ಜಿಲ್ಲೆಯ ಯಾವುದಾದರೂ ಹೊಸ್ತಿಲನ್ನು ಸಂಜೆಯ ಹೊತ್ತು ದಾಟಿ ನೋಡಿದ್ದರೆ, ಊಟ ಮಾಡದೆ ಹೊರಗೆ ಬರಲು ಎಷ್ಟು ಕಷ್ಟ ಎಂಬುದು ತಿಳಿಯುತ್ತಿತ್ತು. ಮೊಬೈಲಿನಲ್ಲಿ ಸಿನಿಮಾಗಳಿಗೆ ಅಂಕ ಕೊಡುವ ಒಬ್ಬ ಹುಡುಗ ಮುದುಕಿಗೆ ನಾಯಕನಿಗಿಂತ ಹೆಚ್ಚು ಅಂಕ ಕೊಟ್ಟು, ತನಗೆ ಕನಸಿನಲ್ಲೂ ಅವಳೇ ಬಂದಳೆಂದ.

ಇವರಲ್ಲಿ ಒಬ್ಬರೂ ಸಿನಿಮಾವನ್ನು ಸರಿಯಾಗಿ ನೋಡಿಲ್ಲ. ನಾನು ನೋಡಿದ್ದೇನೆ. ಲೋಕದ ಉಪ್ಪೆಲ್ಲ ಬೂದಿಗೆ ಹೋಯಿತು ಎನ್ನುವ ಕಥೆಯಲ್ಲಿ, ಮುದುಕಿಯ ಬೆನ್ನ ಹಿಂದಿನ ನಾಗೊಂದಿಗೆಯ ಮೇಲೆ ಉಪ್ಪಿನಕಾಯಿ ಜಾಡಿಗಳು ಸಾಲಾಗಿ ಕುಳಿತಿವೆ. ನಾಯಕ ಬಾಗಿಲು ಒಡೆದು ಬಂದವನು ಮುದುಕಿಯ ಕತ್ತಿಗೆ ಕೈ ಹಾಕುವ ಮುನ್ನ ಒಂದು ಜಾಡಿಗೆ ಕೈ ಹಾಕಿದ್ದರೆ ಸಾಕಾಗಿತ್ತು. ಅಡುಗೆಮನೆಯನ್ನು ಎಂದೂ ನಿಂತು ನೋಡದ ಗಂಡಸರು ಸೇರಿ ಮಾಡಿದ ಪ್ರಳಯ ಅದು. ಅಂಥ ಗಂಡಸರೇ ಅದನ್ನು ಹೊಗಳಿದರು.

ಇಷ್ಟಾದರೂ ನಾನು ಸುಮ್ಮನಿರುತ್ತಿದ್ದೆನೇನೋ. ಹೋಲಿಕೆ ಯಾರಿಗಾದರೂ ಬರಬಹುದು ಎಂದು ಮನಸ್ಸಿಗೆ ಹೇಳಿಕೊಳ್ಳುತ್ತಿದ್ದೆ. ಆದರೆ ಅಳಿಯ ಒಂದು ಸಂದರ್ಶನದಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತು, "ಅದು ಕಲ್ಪನೆಯಲ್ಲ. ಹುಕ್ಕೇರಿಯಲ್ಲಿ ನಮ್ಮ ಅತ್ತೆಯ ಮನೆಯಲ್ಲಿ ನಾನು ಕಣ್ಣಾರೆ ಕಂಡ ಸತ್ಯ ಘಟನೆ" ಎಂದ. ಸಂದರ್ಶನ ಮಾಡಿದವಳು ಎದೆ ಮುಟ್ಟಿಕೊಂಡಳು. ಮರುದಿನ ಸಂತೆಯಲ್ಲಿ ಕಾಯಿಪಲ್ಲೆ ಮಾರುವವಳು, ನನ್ನದೇ ಹಳೆಯ ವಿದ್ಯಾರ್ಥಿನಿ, ನನ್ನ ಕೈಚೀಲಕ್ಕೆ ಮೆಣಸಿನಕಾಯಿ ಹಾಕುತ್ತಾ, "ಅಕ್ಕಾವ್ರ, ಅದು ಖರೇನ್ರಿ?" ಎಂದು ತಗ್ಗಿದ ದನಿಯಲ್ಲಿ ಕೇಳಿದಳು. ಅವಳು ಕುಹಕವಾಡಲಿಲ್ಲ. ಖರೆಯೇ ಇರಬಹುದೆಂದು ಅಂಜಿದ್ದಳು. ಸೀಟಿಗಿಂತ ಅದು ನನಗೆ ಹೆಚ್ಚು ಇರಿಯಿತು.

ಸ್ವಲ್ಪ ದಿನ ಕಳೆದ ಮೇಲೆ ಮೂವರೂ ಹುಕ್ಕೇರಿಗೆ ಬಂದರು: ತಮ್ಮ, ಅವನ ಹೆಂಡತಿ, ಅಳಿಯ. ಕ್ಷಮೆ ಕೇಳಲು ಬಂದಿರಬಹುದು ಎಂದು ಯಜಮಾನರು ಕುರ್ಚಿ ಒರೆಸಿದರು. ಅವರು ಬಂದದ್ದು ಮನೆ ಕೇಳಲು. ಸಿನಿಮಾಕ್ಕೆ ಎರಡನೆಯ ಭಾಗ ಬರುತ್ತದಂತೆ. ಆ ಮುದುಕಿ ಅಷ್ಟು ಕಲ್ಲೆದೆಯವಳಾದದ್ದು ಹೇಗೆ, ಚಿಕ್ಕಂದಿನಲ್ಲಿ ಅವಳಿಗೆ ಏನಾಗಿತ್ತು ಎಂಬುದೇ ಕಥೆ. ಮೊದಲ ಭಾಗಕ್ಕೆ ನಮ್ಮ ಮನೆಯಂಥದೊಂದು ಮನೆ ಕಟ್ಟಿಸಿದ್ದರು. ಈಗ ನಿಜವಾದ ಮನೆಯೇ ಬೇಕು.

"ಕೊಡತೇನಿ" ಎಂದೆ. ತಮ್ಮನ ಮುಖ ಅರಳಿತು. "ಒಂದ ಕರಾರು. ಆಕಿ ಬಾಯಾಗ ನನ್ನ ಮಾತ ಪೂರಾ ಬರಬೇಕು. ಪಾತೇಲಿ ಒಳಗ ತರ್ರಿ ಅಂದದ್ದು ಬರಬೇಕು. ಆ ಪಾತೇಲಿ ಯಾರ ಹಿಡಕೊಂಡ ಬಂದ್ರು ಅನ್ನೂದೂ ಬರಬೇಕು. ಆತಲ್ಲ?"

ಅಳಿಯ, ಬುದ್ಧಿ ಕಡಿಮೆಯಿರುವವರಿಗೆ ತಿಳಿಹೇಳುವ ದನಿಯಲ್ಲಿ, "ಅತ್ತಿ, ಆ ಮಾತ ಹಾಕಿದ್ರ ಸಿನಿಮಾ ಅಲ್ಲೇ ಮುಗದ ಹೋಗತೈತಿ" ಎಂದ.

"ಮುಗೀಲಿ."

"ಲೋಕ ನಾಶ ಆಗೂದಿಲ್ಲ ಅತ್ತಿ ಆವಾಗ. ಎಲ್ಲಾರೂ ಒಳಗ ಬಂದು ಉಂಡು ಮಲಕೋತಾರ. ಯಾರ ನೋಡತಾರ ಅದನ್ನ?"

"ನೀ ನೋಡೀದಿ. ಉಂಡೂ ಉಂಡೀದಿ."

ತಮ್ಮನ ಹೆಂಡತಿ ನಡುವೆ ಬಂದಳು. "ಅಕ್ಕಾರ, ಹುಡುಗನ ಕೆಲಸದ ಪ್ರಶ್ನೆ ಐತ್ರಿ. ನಿಮ್ಮ ಕಡೆಯಿಂದ ಹೋಗೂದರ ಏನೈತಿ?"

"ನನ್ನ ಹೆಸರ ಐತಿ" ಎಂದೆ. "ಅದ ಆಗಲೇ ಹೋಗೇತಿ. ಮನಿ ಉಳದೈತಿ, ಅದನ್ನೂ ಕೊಡಬೇಕೇನು?"

ಅವರು ಚಹಾ ಕುಡಿದು ಎದ್ದರು. ಅವರು ಹೊರಗೆ ಕಾಲಿಟ್ಟ ಮೇಲೆ ನಾನು ಬಾಗಿಲು ಹಾಕಿದೆ. ಗಾಳಿಗೆ ಧೂಳು ಬರುತ್ತಿತ್ತು. ಒಳಗಿದ್ದ ನನಗೆ ತಮ್ಮನ ಹೆಂಡತಿಯ ಮಾತು ಸ್ಪಷ್ಟವಾಗಿ ಕೇಳಿಸಿತು: "ನೋಡ್ರಿ, ಸಿನಿಮಾದಾಗ ಇದ್ದಂಗನ ಬಾಗಲಾ ಹಾಕಿದ್ಲು." ತಮ್ಮ ನಕ್ಕ. ಚಿಕ್ಕಂದಿನಲ್ಲಿ ಅವನು ಹಾಗೆಯೇ ನಗುತ್ತಿದ್ದ, ಬೇರೆಯವರು ಹೊಡೆಸಿಕೊಳ್ಳುವಾಗ.

ಈಗ ನಮ್ಮ ಬಳಗದಲ್ಲಿ ಅದೇ ಮಾತು ನಡೆದಿದೆ. ಮೂಡಲಗಿಯಲ್ಲಿ ಒಬ್ಬ ಬಸುರಿಯ ಕುಬಸಕ್ಕೆ ಹೋದಾಗ, ಪಂಕ್ತಿಯಲ್ಲಿ ಯಾರೋ ಉಪ್ಪು ಕೇಳಿದರು. "ಅಕ್ಕಾರನ್ನ ಕೇಳಬ್ಯಾಡ್ರಿ, ಹೊತ್ತ ಮುಳಗಾಕತ್ತೈತಿ" ಎಂದು ತಮ್ಮನ ಹೆಂಡತಿ ನಗೆಯಾಡಿದಳು. ಪಂಕ್ತಿ ಪೂರ್ತಿ ನಕ್ಕಿತು. ನಕ್ಕವರಲ್ಲಿ ನನ್ನ ಕೈಯ ಅಡುಗೆ ಉಣ್ಣದವರು ಯಾರೂ ಇರಲಿಲ್ಲ. ಯಾರು ಯಾರು ನಕ್ಕರು, ಯಾರು ನಗದೆ ಎಲೆ ನೋಡಿಕೊಂಡು ಕುಳಿತರು ಎಂಬುದನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ. ಯಜಮಾನರು "ಬಿಡ, ಇನ್ನ ಎಷ್ಟ ದಿನ ಇಟಕೊಂಡ ಕುಂದ್ರತಿ?" ಎನ್ನುತ್ತಾರೆ. ಕೊನೆಯ ದಿನದವರೆಗೆ ಎಂದು ಉತ್ತರ ಕೊಟ್ಟಿದ್ದೇನೆ, ಮತ್ತು ಆ ದಿನಕ್ಕೆ ವ್ಯವಸ್ಥೆಯನ್ನೂ ಹೇಳಿಟ್ಟಿದ್ದೇನೆ. ನನ್ನ ಕುಣಿಗೆ ಅಳಿಯನ ಕೈಯ ವಿಭೂತಿ ಬೀಳಕೂಡದು. ತಮ್ಮ ಬಂದರೆ ದೂರ ನಿಲ್ಲಬೇಕು. ಯಜಮಾನರು ಮೊದಲು ಒಪ್ಪಲಿಲ್ಲ. ಕತ್ತಲಲ್ಲಿ ನಕ್ಕದ್ದನ್ನು ನೆನಪಿಸಿದ ಮೇಲೆ ಒಪ್ಪಿದರು.

ಆದರೂ ನೀವು ಬರುತ್ತೀರಿ ಎಂಬುದು ನನಗೆ ಗೊತ್ತು. ಸತ್ತ ಸುದ್ದಿ ಕೇಳಿ ಬಾರದಿದ್ದರೆ ಜನ ಆಡಿಕೊಳ್ಳುತ್ತಾರೆ. ಆ ಭಯವೊಂದು ನಮ್ಮವರಿಗೆ ಇನ್ನೂ ಉಳಿದಿದೆ. ಸೀಟಿ ಕೇಳಿ ಚಪ್ಪಾಳೆ ತಟ್ಟಿದ ತಮ್ಮ, ಪಂಕ್ತಿಯನ್ನು ನಗಿಸಿದ ಅವನ ಹೆಂಡತಿ, ಸತ್ಯ ಘಟನೆಯೆಂದು ಸಾರಿದ ಅಳಿಯ, ನೀವು ಮೂವರೂ ಮುಖ ಬಾಡಿಸಿಕೊಂಡು ಹುಕ್ಕೇರಿಗೆ ಮಣ್ಣಿಗೆಂದು ಬಂದು ನಿಂತಾಗ, ಯಾರನ್ನು ಹೂಳಲು ಬಂದಿರುತ್ತೀರಿ: ನನ್ನನ್ನೋ, ಗೋಕಾಕದ ಟಾಕೀಸಿನಲ್ಲಿ ನೀವು ಸತ್ತಳೆಂದು ಸಂಭ್ರಮಪಟ್ಟ ಅವಳನ್ನೋ?