ಬೀಗದಕೈ ಗೊಂಚಲಿನ ಹಿತ್ತಾಳೆ ಎಲೆ

ನಮ್ಮ ಮನೆಯ ತಲೆಬಾಗಿಲಿನ ಪಕ್ಕದಲ್ಲಿ, ಕ್ಯಾಲೆಂಡರಿನ ಕೆಳಗೆ, ಒಂದು ಮೊಳೆಯಿದೆ. ಆ ಮೊಳೆಗೆ ಒಂದು ಬೀಗದಕೈ ಗೊಂಚಲು ತೂಗುಬಿದ್ದಿದೆ. ಮೂರು ಬೀಗದಕೈಗಳ ಜೊತೆಗೆ ಅದರಲ್ಲಿ ಕಿರುಬೆರಳಿನಷ್ಟು ಉದ್ದದ, ನಡುವೆ ತುಸು ತಗ್ಗಾದ, ಹೊಂಗೆಯ ಚಿಗುರೆಲೆಯಂಥ ಹಿತ್ತಾಳೆಯ ತುಂಡೊಂದಿದೆ. ಎರಡು ತುದಿಗೂ ಒಂದೊಂದು ಸಣ್ಣ ತೂತು. ಮನೆಗೆ ಬಂದವರು ಅದನ್ನು ಬೆರಳಲ್ಲಿ ಹಿಡಿದು ಏನೇನೋ ಊಹಿಸುತ್ತಾರೆ. ದೇವರ ಮನೆಯ ಯಾವುದೋ ದೀಪದ ಭಾಗ ಎಂದವರಿದ್ದಾರೆ, ಮಗುವಿಗೆ ಔಷಧಿ ಕುಡಿಸುವ ಒಳಲೆಯ ಮುರುಕು ಎಂದವರಿದ್ದಾರೆ. ಬೀಗದಕೈ ಕಳೆದರೆ ಹುಡುಕಲು ಗುರುತಿರಲಿ ಎಂದು ಹಾಕಿದ್ದಾರೆ ಎನ್ನುತ್ತಾಳೆ ನನ್ನ ಹೆಂಡತಿ. 'ಹಳೇದು' ಎಂದಷ್ಟೇ ಹೇಳಿ ನಾನು ಮಾತು ಬದಲಿಸುತ್ತಿದ್ದೆ. ಹನ್ನೆರಡು ವರ್ಷ ಈ ಒಂದು ಪದದ ಹಿಂದೆ ಸುಖವಾಗಿ ಕೂತಿದ್ದೆ.

ನಿಮಗೆ ಇನ್ನೂ ಸ್ವಲ್ಪ ಹೆಚ್ಚು ಹೇಳಬೇಕೆನಿಸಿದೆ. ಆದರೆ ಮೊದಲೇ ಎಚ್ಚರಿಸಿಬಿಡುತ್ತೇನೆ. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುವವನು. ಕಣ್ಣಾರೆ ಕಂಡವನ ಮಾತೆಂದ ಮಾತ್ರಕ್ಕೆ ನಂಬಬೇಡಿ, ಆ ಘಟನೆಯಲ್ಲಿ ಅವನಿಗೆ ಏನು ಮುಚ್ಚಿಡಬೇಕಿತ್ತೆಂದು ಮೊದಲು ಕೇಳಿ ಎಂದು ಪ್ರತಿವರ್ಷ ಹುಡುಗರಿಗೆ ಬೋಧಿಸುತ್ತೇನೆ. ಈಗ ನಾನು ಹೇಳುವುದನ್ನೂ ನೀವು ಆ ಒರೆಗಲ್ಲಿಗೆ ಹಚ್ಚಬಹುದು. ನಾನೂ ಹಚ್ಚುತ್ತಲೇ ಹೇಳುತ್ತೇನೆ.

ಆಗ ನಾನು ಬಿ.ಎ. ಆನರ್ಸ್ ಓದುತ್ತಿದ್ದೆ. ಅಪ್ಪ ಜಯನಗರದಲ್ಲಿ ಸೈಟು ತೆಗೆದುಕೊಂಡು ಈ ಮನೆ ಕಟ್ಟಿಸುತ್ತಿದ್ದರು. ಅಮ್ಮನ ತಮ್ಮ ಪಿಳ್ಳಪ್ಪ ಮಾವ ವಸಂತಪುರದ ಆಚೆಯ ಒಂದು ಹಳ್ಳಿಯಲ್ಲಿ ಕೆರೆಯ ಕೆಳಗೆ ಗದ್ದೆ ಮಾಡಿಕೊಂಡಿದ್ದ. ಹೆಂಡತಿ ಹೊನ್ನಮ್ಮತ್ತೆ, ಇಬ್ಬರು ಪುಟ್ಟ ಹೆಣ್ಣುಮಕ್ಕಳು. ಭಾನುವಾರವಾದರೆ ನಾನು ಸೈಕಲ್ ಹತ್ತಿ ಅಲ್ಲಿಗೆ ಹೋಗುತ್ತಿದ್ದೆ. ಮಾವನಿಗೂ ನನಗೂ ಇದ್ದ ಸಮಾನ ಹುಚ್ಚೆಂದರೆ ಮೀನು ಹಿಡಿಯುವುದು. ಬಿದಿರು ಕೋಲು, ದಾರ, ಬೆಂಡು, ಕೊಕ್ಕೆಗೆ ಚುಚ್ಚಿದ ಎರೆಹುಳು, ಬಾಯಲ್ಲಿ ಬೀಡಿ, ಇಷ್ಟು ಸಿಕ್ಕರೆ ಮಾವ ಮಧ್ಯಾಹ್ನದವರೆಗೂ ಏರಿಯ ಮೇಲಿಂದ ಏಳುತ್ತಿರಲಿಲ್ಲ.

ಆಷಾಢದ ಕೊನೆಯ ಭಾನುವಾರ ಅದು. ಶ್ರಾವಣ ಬಂದರೆ ಮನೆಯಲ್ಲಿ ಒಂದು ತಿಂಗಳು ಮೀನು ಮಾಂಸ ಬೇಯುವುದಿಲ್ಲವಾದ್ದರಿಂದ ಮಾವ ಬೆಳಿಗ್ಗೆಯೇ ಹೆಂಡತಿಗೆ ಖಾರ ಅರೆದಿಡಲು ಹೇಳಿ ಹೊರಟಿದ್ದ. ನಾನು ಆ ದಿನ ಹೊಸ ಆಯುಧದೊಂದಿಗೆ ಬಂದಿದ್ದೆ. ನಮ್ಮ ಕಾಲೇಜಿನ ಇಂಗ್ಲಿಷ್ ಮೇಷ್ಟ್ರೊಬ್ಬರಿಗೆ ದೊರೆಗಳ ಕಾಲದ ಶೋಕಿಗಳಿದ್ದವು. ಅವರನ್ನು ಕಾಡಿ ಬೇಡಿ ಅವರ ರೀಲು ಕಟ್ಟಿದ ಗಾಳದ ಕೋಲನ್ನು ಒಂದು ದಿನಕ್ಕೆ ಇಸಿದುಕೊಂಡಿದ್ದೆ. ಅದರ ದಾರದ ತುದಿಯಲ್ಲಿ ಈ ಹಿತ್ತಾಳೆ ಎಲೆ ಇತ್ತು, ಎಲೆಯ ಬಾಲಕ್ಕೆ ಮೂರು ಮುಳ್ಳಿನ ಕೊಕ್ಕೆ. ಮೇಷ್ಟ್ರು ಅದನ್ನು ಸ್ಪೂನ್ ಎನ್ನುತ್ತಿದ್ದರು. ದೂರ ಎಸೆದು ರೀಲು ಸುತ್ತಿದರೆ ನೀರಿನೊಳಗೆ ಅದು ಹೊರಳಾಡುತ್ತ ಮಿನುಗಿ ಮರಿಮೀನಿನಂತೆ ಕಾಣುತ್ತದೆ. ದೊಡ್ಡ ಮೀನು ಮೋಸಹೋಗುತ್ತದೆ.

"ಏನಪ್ಪ ಇದು, ಬಿ.ಎ. ಸಾಹೇಬ್ರು ಮೀನ್‌ಗೆ ಒಡವೆ ಹಾಕಕ್ ಬಂದವ್ರೆ" ಎಂದು ಮಾವ ನಕ್ಕಿದ್ದ. ಆ ನಗೆ ನನಗೆ ನೆನಪಿದೆ. ಅಥವಾ ಬೇರೆ ಯಾವುದೋ ದಿನದ ನಗೆಯನ್ನು ತಂದು ಅಲ್ಲಿ ಇಟ್ಟಿದ್ದೇನೋ, ಹೇಳಲಾರೆ.

ಕೆರೆ ಹೊಸ ಮಳೆಗೆ ಮುಕ್ಕಾಲು ತುಂಬಿತ್ತು. ಹತ್ತು ಗಂಟೆಯವರೆಗೂ ಮಾವನ ಬೆಂಡು ಅಲುಗಲಿಲ್ಲ, ನನ್ನ ಒಡವೆಯನ್ನೂ ಯಾರೂ ಕೇಳಲಿಲ್ಲ. ಆಮೇಲೆ ತಾವರೆ ಎಲೆಗಳ ಅಂಚಿನಲ್ಲಿ, ದಡದಿಂದ ಇಪ್ಪತ್ತು ಮಾರು ದೂರದಲ್ಲಿ, ನೀರು ಒಂದು ಚಾಪೆಯಗಲ ಕೆಂಪಗೆ ಕುದಿಯುವುದು ಕಾಣಿಸಿತು. ಕೊರವ ಮೀನಿನ ಮರಿಗಳು. ಹಾವಿನ ತಲೆಯಂಥ ತಲೆಯ ಈ ಮೀನು ಮೊಟ್ಟೆಯಿಟ್ಟು ತನ್ನ ಪಾಡಿಗೆ ಹೋಗುವ ಜಾತಿಯಲ್ಲ. ಮರಿಗಳು ಕೆಂಪಗೆ ಒಟ್ಟಾಗಿ ಅಲೆಯುವಷ್ಟು ದಿನವೂ, ಹೆಚ್ಚಾಗಿ ಗಂಡು, ಅವುಗಳ ಅಡಿಯಲ್ಲೇ ಕಾವಲು ಈಜುತ್ತದೆ. ಹತ್ತಿರ ಬಂದದ್ದನ್ನು, ಅದು ಕಪ್ಪೆಯಾಗಲಿ ಮನುಷ್ಯನ ಬೆರಳಾಗಲಿ, ಕಚ್ಚುತ್ತದೆ. ಕಾವಲಿನ ಮೀನು ಹೋದರೆ ಸಂಜೆಯೊಳಗೆ ಬೇರೆ ಮೀನುಗಳು ಮರಿಗಳನ್ನು ಗುಡಿಸಿಬಿಡುತ್ತವೆ. ಆದ್ದರಿಂದಲೇ ಆ ಊರಿನಲ್ಲಿ ಕೆಂಪು ಕಂಡ ಕಡೆ ಗಾಳ ಹಾಕುತ್ತಿರಲಿಲ್ಲ. ಯಾರೂ ಬರೆದಿಟ್ಟ ಕಟ್ಟಳೆಯಲ್ಲ, ಆದರೂ ಬಲೆ ಬೀಸುವವರು ಕೂಡ ಸುತ್ತುಬಳಸಿ ಹೋಗುತ್ತಿದ್ದರು.

ಮೇಷ್ಟ್ರು ನನಗೆ ಇದರ ಇನ್ನೊಂದು ಮಗ್ಗುಲನ್ನು ಹೇಳಿಕೊಟ್ಟಿದ್ದರು.

"ಮಾವ, ಮರಿ ಇರೋವಾಗ್ಲೇ ಅದು ಸುಲಭವಾಗಿ ಸಿಗೋದಂತೆ. ಹಸಿವಿಗೆ ಕಚ್ಚಲ್ವಂತೆ, ಕೋಪಕ್ಕೆ ಕಚ್ತದಂತೆ."

ಮಾವ ಬೀಡಿ ತುದಿಯನ್ನು ನೋಡುತ್ತ, "ಹಸ್ಕೊಂಡು ಬಂದಿದ್ದನ್ನ ಹಿಡೀಬೋದು ಕಣೋ ಸೀನ. ಕೋಪ ಮಾಡ್ಕೊಂಡು ಬಂದಿದ್ದನ್ನ ಏನಂತ ಹಿಡೀತೀಯ? ಅಲ್ಲಿ ಬೇಡ, ಬಾ" ಎಂದ. ಎದ್ದು ತೂಬಿನ ಕಡೆಗೆ ನಡೆದ.

ಅವನು ಬೆನ್ನು ತಿರುಗಿಸಿದಾಗ ಎಸೆದೆ. ಈ ಭಾಗದಲ್ಲಿ ನನಗೆ ಸಂಶಯವಿಲ್ಲ. ಅಂಗೈಗೆ ಇನ್ನೂ ಆ ಎಳೆತದ ನೆನಪಿದೆ. ಎಲೆ ಕೆಂಪಿನ ನಡುವೆ ಬಿದ್ದು ಒಂದು ಸುತ್ತು ಹೊರಳುವಷ್ಟರಲ್ಲಿ ನೀರು ಒಡೆದು ಕಪ್ಪು ತಲೆಯೊಂದು ಮೇಲೆದ್ದು ಮುಳುಗಿತು. ರೀಲು ಕಿರುಗುಟ್ಟಿತು, ಕೋಲು ಬಾಗಿತು, ದಾರ ತಾವರೆ ದಂಟುಗಳ ಒಳಗೆ ಹೋಗಿ ಸಿಕ್ಕಿಕೊಂಡಿತು. ಎಳೆದರೆ ಬರುತ್ತಿರಲಿಲ್ಲ, ಸಡಿಲಿಸಿದರೆ ಹೋಗುತ್ತಿರಲಿಲ್ಲ. ದಂಟುಗಳು ಮಾತ್ರ ಅಲ್ಲಾಡುತ್ತಿದ್ದವು.

ಮಾವ ವಾಪಸು ಬಂದು ನನ್ನ ಪಕ್ಕ ನಿಂತ. ಬೈಯಲಿಲ್ಲ. ಅವನು ಬೈದಿದ್ದರೆ ಮುಂದಿನ ಮಾತು ಬೇರೆಯಾಗುತ್ತಿತ್ತೋ ಏನೋ. ಆಮೇಲೆ ನಾನು ಏನೋ ಹೇಳಿದೆ. ಅವನು ಪಂಚೆಯನ್ನು ಮೇಲೆತ್ತಿ ಕಟ್ಟಿ, ಬೀಡಿಕಟ್ಟನ್ನು ಕಲ್ಲಿನ ಮೇಲಿಟ್ಟು, "ಎದೆಮಟ್ಟ ಅಷ್ಟೇಯ, ಹುಟ್ಟಿದಾಗ್ಲಿಂದ ನಡ್ದಿವ್ನಿ" ಎನ್ನುತ್ತ ನೀರಿಗಿಳಿದ.

ಅವನು ನಿಜವನ್ನೇ ಹೇಳಿದ್ದ. ಆ ಕೆರೆಯ ತಳ ಅವನಿಗೆ ತನ್ನ ಮನೆಯ ನೆಲದಷ್ಟೇ ಗೊತ್ತಿತ್ತು; ಗೊತ್ತಿದ್ದದ್ದು ಹೋದ ವರ್ಷದ ತಳ. ಆ ಬೇಸಗೆಯಲ್ಲಿ ಒಣಗಿದ ಕೆರೆಯಂಗಳದಿಂದ ಇಟ್ಟಿಗೆಗೂಡಿನವರು ಲಾರಿಗಟ್ಟಲೆ ಮಣ್ಣು ತೆಗೆದಿದ್ದರು. ಎಲ್ಲೆಲ್ಲಿ ಎಷ್ಟು ಆಳಕ್ಕೆ ಎಂದು ಮಳೆ ಬಂದಮೇಲೆ ಯಾರು ಹೇಳಬೇಕು? ಹೊಸ ಬಡಾವಣೆಗಳ ಗೋಡೆಗಳು ಏಳುತ್ತಿದ್ದ ಕಾಲ. ಆ ಮಣ್ಣಿನ ಇಟ್ಟಿಗೆ ನಮ್ಮ ಈ ಮನೆಗೂ ಬಂದಿದೆಯೇ ಎಂದು ನಾನು ಅಪ್ಪನನ್ನು ಕೇಳಲಿಲ್ಲ. ಮಾವ ಮೊಣಕಾಲಿನವರೆಗೆ, ಸೊಂಟದವರೆಗೆ, ಎದೆಯವರೆಗೆ ನಡೆದ, ಒಂದು ಕೈಯಲ್ಲಿ ದಾರ ಹಿಡಿದು ಅದರ ಗುಂಟ. ದಂಟುಗಳ ಹತ್ತಿರ ಬಗ್ಗಿದ, ಒಂದು ಸಲ ತಲೆಯೆತ್ತಿ ಉಸಿರೆಳೆದು ಮತ್ತೆ ಬಗ್ಗಿದ, ಒಂದು ಹೆಜ್ಜೆ ಮುಂದಿಟ್ಟ. ಆಮೇಲೆ ಅಲ್ಲಿ ತಾವರೆ ಎಲೆಗಳು ಮಾತ್ರ ಇದ್ದವು.

ನನಗೆ ಈಜು ಬರುತ್ತಿರಲಿಲ್ಲ. ಕೋಡಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದ ಇಬ್ಬರು ನನ್ನ ಕೂಗಿಗೆ ಓಡಿ ಬಂದು ಅವನನ್ನು ಎಳೆದು ತರುವ ಹೊತ್ತಿಗೆ ಬಹಳ ತಡವಾಗಿತ್ತು. ಕಾಲಿಗೆ ದಂಟು ಸುತ್ತಿತ್ತು. ಬಲಗೈ ಮುಷ್ಟಿಯಾಗಿತ್ತು, ಬಿಡಿಸಿದರೆ ಒಳಗೆ ಹಿತ್ತಾಳೆ ಎಲೆ, ಕೊಕ್ಕೆಯ ಒಂದು ಮುಳ್ಳು ಅವನ ಅಂಗೈಯಲ್ಲಿ. ಮೀನು ಇರಲಿಲ್ಲ.

ಅವನ ಮನೆಯ ಅಂಗಳದಲ್ಲಿ ಊರಿನ ಹಿರಿಯರು ಕೇಳಿದರು, "ಯಾಕಪ್ಪ ಇಳಿದ?" ನಾನು ಹೇಳಿದೆ, "ಮೀನು ಬಿಡ್ಸಕ್ಕೆ. ಮರಿ ಇದ್ವು. ನಾನು ಬೇಡ ಅಂದೆ, ಕೇಳ್ಲಿಲ್ಲ." ಮಾತು ಬಾಯಿಂದ ಬಂದ ಕ್ಷಣದಲ್ಲೇ ಎಷ್ಟು ಚೆನ್ನಾಗಿ ಕೂತಿತು. ಮುಷ್ಟಿಯಲ್ಲಿದ್ದ ಸ್ಪೂನು ಅದಕ್ಕೆ ಸಾಕ್ಷಿಯಾಯಿತು, ಕಾಣೆಯಾದ ಮೀನೂ ಸಾಕ್ಷಿಯಾಯಿತು. ವಾರದೊಳಗೆ ಇಡೀ ಊರು ಅದನ್ನು ಆಡಿಕೊಳ್ಳುತ್ತಿತ್ತು: ಮೀನಿನ ಮರಿಗಳಿಗಾಗಿ ಜೀವ ಕೊಟ್ಟ ಪಿಳ್ಳಪ್ಪ. ಸಾವಿಗೆ ನಾನು ಹೊಲಿದು ಕೊಟ್ಟ ಆ ಅಂಗಿಯನ್ನು ನೋಡಿ ಎಲ್ಲರೂ ಕಣ್ಣೊರೆಸಿಕೊಂಡರು, ಅತ್ತೆಯೊಬ್ಬಳನ್ನು ಬಿಟ್ಟು.

ಪಿತೃಪಕ್ಷ ಬಂತು. ನಮ್ಮಲ್ಲಿ ಮಹಾಲಯ ಅಮಾವಾಸ್ಯೆಯ ದಿನ ಸತ್ತವರಿಗೆ ಎಡೆ ಇಡುತ್ತೇವೆ. ಬಾಳೆಲೆಯ ಮೇಲೆ ಅವರಿಗೆ ಏನೇನು ಇಷ್ಟವಿತ್ತೋ ಅದೆಲ್ಲವೂ ಇರಬೇಕು, ಅದಿಲ್ಲದಿದ್ದರೆ ಅವರು ಹಸಿದು ಹೋಗುತ್ತಾರೆ. ಮಾವನ ಎಡೆಯಲ್ಲಿ ಮುದ್ದೆ ಇತ್ತು, ಕೋಳಿ ಸಾರಿತ್ತು, ಬೀಡಿಕಟ್ಟು ಕೂಡ ಇತ್ತು. ಮೀನು ಇರಲಿಲ್ಲ. ನನ್ನ ಅಮ್ಮ ಮೆಲ್ಲಗೆ ಕೇಳಿದಾಗ ಅತ್ತೆ ಎಲ್ಲರಿಗೂ ಕೇಳುವಂತೆ ಹೇಳಿದಳು:

"ಮೀನಿನ್ ಮರಿಗೆ ಅಪ್ಪ ಬೇಕು ಅಂತ ನೀರ್ಗಿಳಿದ್ರಲ್ಲ ನಿಮ್ ತಮ್ಮ. ಮನೇಲಿ ಎರಡು ಕೂತಿದ್ವು, ಅವು ಯಾರ್ ಮರಿ?"

ಹನ್ನೆರಡು ವರ್ಷ ನಾನು ಆ ಎಡೆಯ ಊಟಕ್ಕೆ ಹೋದೆ. ಹನ್ನೆರಡು ವರ್ಷವೂ ಎಲೆಯ ಮೇಲೆ ಮೀನು ಇರಲಿಲ್ಲ. ನನ್ನನ್ನು ಕಾಪಾಡಿಕೊಳ್ಳಲು ಕಟ್ಟಿದ ಮಾತು ಒಬ್ಬ ಹೆಂಗಸನ್ನು ಅವಳ ಸತ್ತ ಗಂಡನ ಮೇಲೆ ಎತ್ತಿಕಟ್ಟಿತ್ತೆಂದು ಗೊತ್ತಿದ್ದೂ, ಆ ಮಾತು ಸುಳ್ಳೆಂದು ಖಚಿತವಿಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನೆನಪಿನ ಮೇಲಿನ ಸಂಶಯ ದೊಡ್ಡ ಸದ್ಗುಣವೆಂದು ನಾವು ಓದಿದವರು ಭಾವಿಸುತ್ತೇವೆ. ಅದು ಅಡಗಿಕೊಳ್ಳಲು ಒಳ್ಳೆಯ ಪೊದೆಯೂ ಹೌದು.

ಕಳೆದ ವರ್ಷ ಮನೆಗೆ ಸುಣ್ಣ ಬಳಿಸುವಾಗ ಅಟ್ಟದಿಂದ ಹಳೆಯ ಟ್ರಂಕು ಇಳಿಯಿತು. ಅದರಲ್ಲಿ ನನ್ನ ಆ ವರ್ಷದ ಡೈರಿ. ಶನಿವಾರದ ಪುಟದಲ್ಲಿ ಹೀಗಿತ್ತು: 'ಮೇಷ್ಟ್ರು ಸ್ಪೂನ್ ಕೊಟ್ಟರು. ಕಳೆಯಬೇಡಿ, ಇಲ್ಲಿ ಸಿಗುವುದಿಲ್ಲ ಎಂದು ಎರಡು ಸಲ ಹೇಳಿದರು.' ಭಾನುವಾರ, ಸೋಮವಾರ, ಮಂಗಳವಾರ ಖಾಲಿ. ಬುಧವಾರದ ಪುಟದ ಮೇಲ್ತುದಿಯಲ್ಲಿ ಒಂದೂವರೆ ಸಾಲನ್ನು ಶಾಯಿಯಿಂದ ಕಪ್ಪಗೆ ಗೀಚಿ ಅಳಿಸಲಾಗಿತ್ತು. ನಿಬ್ಬು ಎಷ್ಟು ಒತ್ತಿತ್ತೆಂದರೆ ಕಾಗದ ಹರಿದಿತ್ತು. ಅದರ ಕೆಳಗೆ ದುಂಡಗಿನ ಅಕ್ಷರಗಳಲ್ಲಿ, 'ಮಾವ ಮೀನನ್ನು ಬಿಡಿಸಲು ಇಳಿದರು. ನಾನು ಬೇಡವೆಂದೆ.'

ಕಪ್ಪಿನ ಕೆಳಗೆ ಏನಿತ್ತೆಂದು ಕಿಟಕಿಗೆ ಹಿಡಿದು ನೋಡಿದೆ, ತಿರುಗಿಸಿ ನೋಡಿದೆ. 'ನಾನೇ' ಎಂಬ ಎರಡಕ್ಷರ ಮಾತ್ರ ಸಿಕ್ಕಿತು. ಉಳಿದದ್ದು ಈಗಲೂ ನನಗೆ ನೆನಪಿಗೆ ಬರುವುದಿಲ್ಲ. ಆದರೆ ನಿರಪರಾಧಿ ವಾಕ್ಯವನ್ನು ಯಾರೂ ಕಾಗದ ಹರಿಯುವಂತೆ ಅಳಿಸುವುದಿಲ್ಲ. ಇನ್ನೊಂದನ್ನೂ ಹೇಳಬೇಕು. ಮಾವ ಸತ್ತ ಹದಿನೈದು ದಿನಕ್ಕೆ ನಾನು ಕೋಲು, ರೀಲು, ಸ್ಪೂನು ಎಲ್ಲವನ್ನೂ ಹಿಂದಿರುಗಿಸಲು ಹೋದಾಗ ಮೇಷ್ಟ್ರು ಸ್ಪೂನನ್ನು ಮುಟ್ಟಲಿಲ್ಲ. 'ನೀವೇ ಇಟ್ಟುಕೊಳ್ಳಿ' ಎಂದರು. ಅವರ ಮೇಜಿನ ತೆರೆದ ಡಬ್ಬಿಯಲ್ಲಿ ಅಂಥವೇ ಇನ್ನೂ ನಾಲ್ಕು ಮಿನುಗುತ್ತಿದ್ದವು.

ಅಮಾವಾಸ್ಯೆಗೆ ವಾರವಿದ್ದಾಗ ಸೈಕಲ್ ಹತ್ತಿ ಹೋದೆ. ಅತ್ತೆ ಜಗಲಿಯಲ್ಲಿ ಕೂತು ಮೊರದಲ್ಲಿ ಹುರುಳಿ ಹಸನು ಮಾಡುತ್ತಿದ್ದಳು. ಡೈರಿಯ ವಿಷಯ, ಅಳಿಸಿದ ಸಾಲಿನ ವಿಷಯ, ನೆನಪು ಎಷ್ಟು ಮಸುಕೆಂಬ ವಿಷಯ, ಎಲ್ಲವನ್ನೂ ಪಾಠದಂತೆ ವಿವರಿಸತೊಡಗಿದೆ. ಅವಳು ಕಲ್ಲೊಂದನ್ನು ಹೆಕ್ಕಿ ಎಸೆದು ಕೇಳಿದಳು:

"ಅದೆಲ್ಲ ಇರ್ಲಿ. ಹೋಗು ಅಂದ್ಯೋ, ಬೇಡ ಅಂದ್ಯೋ?"

"ಸ್ಪೂನ್ ಕಳ್ದೋದ್ರೆ ಮೇಷ್ಟ್ರಿಗೆ ಮುಖ ತೋರ್ಸಕ್ಕಾಗಲ್ಲ, ತಂದ್ಕೊಡು ಅಂದೆ ಅತ್ತೆ."

ಅಂದು ಏರಿಯ ಮೇಲೆ ನಾನು ಹಾಗೆಂದೆನೆಂದು ಪ್ರಮಾಣ ಮಾಡಲಾರೆ. ಆದರೆ ಹೇಳಿದ ಮೇಲೆ ಅದನ್ನು ಹಿಂತೆಗೆದುಕೊಳ್ಳಬೇಕೆನಿಸಲಿಲ್ಲ.

ಮೊರ ನಿಂತಿತು. ಅವಳು ಅಂಗಳದ ಕಡೆ ನೋಡುತ್ತ, "ಹನ್ನೆರಡು ವರ್ಷ ಅವ್ರ ಮೇಲೆ ಕೋಪ ಇಟ್ಕೊಂಡಿದ್ದೆ ಕಣೋ. ಸತ್ತೋರ್ ಮೇಲೆ" ಎಂದಳು. ಕೋಪ ಮಾಡಿಕೊಂಡು ಬಂದದ್ದರ ಬಗ್ಗೆ ಮಾವ ಹೇಳಿದ್ದ ಮಾತು ನನ್ನ ನಾಲಿಗೆಗೆ ಬಂತು. ಅದನ್ನು ಅವಳಿಗೆ ಹೇಳುವ ಯೋಗ್ಯತೆ ನನಗಿರಲಿಲ್ಲ.

ಜೇಬಿನಿಂದ ಗೊಂಚಲನ್ನು ತೆಗೆದು ಅವಳ ಮುಂದೆ ಇಟ್ಟೆ. ಕೊಕ್ಕೆಯನ್ನು ನಾನು ಎಂದೋ ಕಿತ್ತಿದ್ದೆ. ಅವಳು ಎಲೆಯನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದಳು.

"ಇದೇನಾ? ಇಷ್ಟೇನಾ?"

ನಾನು ಎಲೆಯನ್ನು ಗೊಂಚಲಿನಿಂದ ಬಿಚ್ಚಿ ಅವಳಿಗೇ ಬಿಟ್ಟು ಹೋಗುವವನಿದ್ದೆ. ಅವಳು ನನ್ನ ಕೈ ಹಿಡಿದೆಳೆದು, ಗೊಂಚಲನ್ನು ಅದರಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು. "ನಿನ್ ಹತ್ರಾನೇ ಇರ್ಲಿ. ಅಮಾಸೆಗೆ ಬರ್ತಾ ಮೀನು ತಗಂಬಾ."

ತಂದುಕೊಟ್ಟೆ. ಅವಳೇ ಉಜ್ಜಿ ತೊಳೆದಳು, ಅವಳೇ ಖಾರ ಅರೆದಳು. ಎಡೆಯ ನಡುವೆ, ಮುದ್ದೆಯ ಪಕ್ಕದಲ್ಲಿ ಮೀನಿನ ತುಂಡುಗಳನ್ನಿಟ್ಟು ಅಡ್ಡಬಿದ್ದವಳು ಬೇಗ ಏಳಲಿಲ್ಲ. ಆಮೇಲೆ ಎಲ್ಲರೂ ಊಟಕ್ಕೆ ಕೂತೆವು. ದೊಡ್ಡ ಮಗಳು ಮೀನಿನ ಸಾರು ಬಡಿಸುತ್ತ ನನ್ನ ಎಲೆಯ ಹತ್ತಿರ ಬಂದಾಗ ಅತ್ತೆ ಒಲೆಯ ಮುಂದಿನಿಂದಲೇ, "ಅವನ್ಗೆ ಬೇಡ, ಬೇಳೆಸಾರು ಹಾಕು" ಎಂದಳು. ನಾನು ಉಂಡೆ. ಹೊರಡುವಾಗ ಅವಳು ಬಾಗಿಲಿಗೆ ಬಂದು, "ಮುಂದಿನ್ ವರ್ಷಾನೂ ಬಾ. ಮೀನು ನೀನೇ ತರ್ಬೇಕು" ಎಂದಳು.

ಗೊಂಚಲು ಮತ್ತೆ ಮೊಳೆಗೆ ಬಂದಿದೆ. ಮೊನ್ನೆ ಪಕ್ಕದ ಮನೆಯವರು ಬಂದವರು ಅದನ್ನು ಬೆರಳಲ್ಲಿ ಹಿಡಿದು ಏನಿದು ಎಂದರು. ನನ್ನ ಹೆಂಡತಿ ಎಂದಿನಂತೆ, ಗುರುತಿಗೆ ಹಾಕಿದ್ದಾರೆ ಎಂದಳು. ಹೌದು ಎಂದೆ, ಗುರುತಿಗೆ. ನನ್ನ ಸೋದರಮಾವನನ್ನು ನಾನು ಇದಕ್ಕಾಗಿ ನೀರಿಗೆ ಕಳಿಸಿದ್ದೆ ಎಂದೂ ಹೇಳಿದೆ. ಅವರು ಅದನ್ನು ಮೆಲ್ಲಗೆ ಬಿಟ್ಟರು. ಅದು ಗೋಡೆಗೆ ತಾಗಿ, ಬೀಗದಕೈಗಳ ನಡುವೆ ಒಂದೆರಡು ಸಲ ಹೊರಳಿ, ಮಿನುಗಿ, ನಿಂತಿತು.