ಸೆರಗಿನ ಗಂಟುಗಳು

ನಮ್ಮ ಓಣಿಗೆಲ್ಲ ರೊಟ್ಟಿ ಬಡಿದು ಕೊಡುತ್ತಿದ್ದ ಅಕ್ಕ ಅಮಾವಾಸ್ಯೆಗೊಮ್ಮೆ ಗಜೇಂದ್ರಗಡದಿಂದ ಇಟಗಿ ಭೀಮವ್ವನ ಗುಡಿಗೆ ನಡೆದು ಹೋಗುತ್ತಿದ್ದಳು. ಹೋಗಲಾಗದವರು ತಮ್ಮ ಬೇಡಿಕೆಗಳನ್ನು ಅವಳಿಗೆ ಒಪ್ಪಿಸುತ್ತಿದ್ದರು. ಒಬ್ಬರ ಮಗಳಿಗೆ ಗಂಡು ಸಿಗಬೇಕು, ಇನ್ನೊಬ್ಬರ ಎಮ್ಮೆ ಒದೆಯುವುದನ್ನು ಬಿಡಬೇಕು. ಒಂದೊಂದಕ್ಕೂ ಅವಳು ಸೆರಗಿನ ಅಂಚಿಗೆ ಗಂಟು ಬಿಗಿದು, "ಗಂಟ ಹಾಕೀನಿ, ಚಿಂತಿ ಬಿಡ್ರಿ" ಎನ್ನುತ್ತಿದ್ದಳು. ಯಾವ ಗಂಟು ಯಾರದೆಂದು ಅವಳ ಬೆರಳಿಗೆ ಗೊತ್ತಿತ್ತು, ತಲೆಗೆ ಗೊತ್ತಿರಲಿಲ್ಲ.

ಒಮ್ಮೆ ಅಮ್ಮನ ಮಂಡಿನೋವಿಗೊಂದು ಗಂಟು ಹಾಕಿಸಿ ನಾನೂ ಜೊತೆಗೆ ನಡೆದೆ. ಇಟಗಿ ಮುಟ್ಟಿದ ಮೇಲೆ ಅಕ್ಕ ಸ್ನಾನ ಮಾಡಿ, ಮಡಿಸೀರೆ ಉಟ್ಟು, ದೇವಿಯ ಮುಂದೆ ನಿಂತು ಸೆರಗಿಗೆ ಕೈಹಾಕಿದಳು. ಒಂದೂ ಗಂಟಿಲ್ಲ! ಗಂಟಿನ ಸೀರೆ ಒದ್ದೆಯಾಗಿ ನನ್ನ ಕೈಚೀಲದಲ್ಲಿತ್ತು. ಹಿಂದಿನವರು, "ಲಗೂ ಸರೀರಿ" ಎಂದು ತಳ್ಳತೊಡಗಿದರು. ಅಕ್ಕ ಚೀಲ ಕಸಿದು, ನೀರು ಸೋರುವ ಆ ಸೀರೆಯ ಮುದ್ದೆಯನ್ನು ಹೊಸ್ತಿಲ ಮೇಲಿಟ್ಟು ಕೈಮುಗಿದಳು.

"ಯವ್ವಾ, ಎಲ್ಲಾ ಇದ್ರಾಗ ಐತಿ. ನೀನ ಬಿಚ್ಚಿ ನೋಡ್ಕೋ."

ಪೂಜಾರಿ ಬಾಯಿ ತೆರೆಯುವುದರೊಳಗೆ ಸೀರೆಯನ್ನು ಅಲ್ಲೇ ಬಿಟ್ಟು ನಾವು ಹೊರಗಿದ್ದೆವು.

ತಿರುಗಿ ಬರುವ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಬಿಗೆ ಜೋತುಬಿದ್ದು ಕೇಳಿದೆ, "ಅಕ್ಕಾ, ನಿಂದೇನೂ ಗಂಟ ಇರಲಿಲ್ಲೇನ?"

"ಇತ್ತಲ್ಲವಾ. ಬರೂ ಮುಂದ ಬಸ್ಸಿನ್ಯಾಗ ಸೀಟ ಸಿಗಲಿ ಅಂತ."

"ಸಿಗಲಿಲ್ಲಲ್ಲ!"

ಯಾರೋ ಅವಳ ಕಾಲು ತುಳಿದರು. ಅಕ್ಕ ಸಿಟ್ಟಾಗಲಿಲ್ಲ.

"ನಂದು ಕಟ್ಟಕಡೀ ಗಂಟು. ಅಕಿ ಇನ್ನೂ ಎಮ್ಮೀದ ಬಿಚ್ಚಾಕತ್ತಿರಬೇಕು. ಅದನ್ನ ಭಾಳ ಬಿಗದಿದ್ದೆ."