ಒಂದು ಕ್ಲಾಸಿಗೆ ಒಂದು ಚೆಂಡು ಮಲ್ಲಿಗೆ

ವಾರಿಜಕ್ಕ ಕಾರಿನಲ್ಲಿ ಕೂತರೆಂದರೆ ಕೈ ಎರಡೂ ಮಲ್ಲಿಗೆಯಲ್ಲಿ, ಕಾಲು ಎರಡೂ ಪೆಡಲಿನ ಮೇಲೆ. ಕಣ್ಣು ಎಲ್ಲಿರುತ್ತಿತ್ತೆಂದು ಮಾತ್ರ ನನಗೆ ಬಹಳ ದಿನ ಪತ್ತೆಯಾಗಲಿಲ್ಲ. ಮಡಿಲಲ್ಲಿ ಮೊಗ್ಗಿನ ಬುಟ್ಟಿ, ಬೆರಳಿಗೆ ಸುತ್ತಿದ ಬಾಳೆನಾರು, ಎದುರಿಗೆ ರಾಷ್ಟ್ರೀಯ ಹೆದ್ದಾರಿ. ಎಕ್ಸ್‌ಪ್ರೆಸ್ ಬಸ್ಸು ಹಿಂದಿನಿಂದ ಹಾರ್ನು ಬಾರಿಸಿಕೊಂಡು ಮೈಮೇಲೆ ಬಂದರೂ ತಲೆ ಎತ್ತದೆ, "ಎಡಕ್ಕೆ ಹೋಗಿ, ಅವನಿಗೆ ಮಂಗಳೂರಿನಲ್ಲಿ ಕೆಲಸ ಉಂಟು" ಎಂದು ಹೇಳಿ ಇನ್ನೊಂದು ಕುಚ್ಚು ಕಟ್ಟುತ್ತಿದ್ದರು.

ಅವರು ಶಂಕರಪುರದವರು, ನಮ್ಮ ಕಡೆಯ ಹೆಂಗಸರಿಗೆ ಡ್ರೈವಿಂಗ್ ಕಲಿಸುತ್ತಿದ್ದವರು. ಡ್ರೈವಿಂಗ್ ಶಾಲೆ ಮೊದಲು ಗಂಡನದ್ದಾಗಿತ್ತು. ಅವರು ತೀರಿಹೋದ ಮೇಲೆ ಕಾರು ಮಾರುವುದಕ್ಕೆ ನೆಂಟರೆಲ್ಲ ಗಿರಾಕಿ ಹುಡುಕುತ್ತಿದ್ದಾಗ, ವಾರಿಜಕ್ಕ ಸದ್ದಿಲ್ಲದೆ ಎಡಗಡೆಯ ಸೀಟಿಗೆ ಬಂದು ಕೂತುಬಿಟ್ಟರಂತೆ. ಆ ಸೀಟಿನ ಕೆಳಗೂ ಒಂದು ಕ್ಲಚ್ಚು, ಒಂದು ಬ್ರೇಕು ಇತ್ತು. ಗಿಡ್ಡ ಆಳು, ಪೆಡಲಿಗೆ ಕಾಲು ಎಟುಕಬೇಕೆಂದು ಬೆನ್ನಿಗೆ ದಿಂಬು ಕೊಟ್ಟುಕೊಂಡು ಕೂರುತ್ತಿದ್ದರು. ಮನೆಯ ಹಿಂದೆ ಮಲ್ಲಿಗೆ ತೋಟ. ಬೆಳಗಾಗುವ ಮೊದಲು ಮೊಗ್ಗು ಕೊಯ್ದು, ಅದನ್ನು ಮಾಲೆ ಕಟ್ಟಿ, ಮಾಲೆಯನ್ನು ಉಂಡೆ ಸುತ್ತಿ ಚೆಂಡು ಮಾಡಿ, ಹೂವು ಕೊಳ್ಳುವ ಕಟ್ಟೆಗೆ ಹೊತ್ತಿಗೆ ಸರಿಯಾಗಿ ಮುಟ್ಟಿಸಬೇಕು. ಮುಂಬಯಿಗೆ ಹೋಗುವ ಹೂವಿನ ಗಾಡಿ ಯಾರಿಗೂ ಕಾಯುವುದಿಲ್ಲ. ಆದ್ದರಿಂದ ಅವರ ಬೆಳಗಿನ ಕ್ಲಾಸುಗಳೆಲ್ಲ ಎಲ್ಲಿಂದ ಶುರುವಾದರೂ ಮುಗಿಯುವುದು ಮಲ್ಲಿಗೆ ಕಟ್ಟೆಯ ಎದುರಿನಲ್ಲಿಯೇ.

ನಾನು ಅವರ ಕೈಗೆ ಸಿಕ್ಕಿದ್ದು ಒಂದು ಕಾಗದದ ದೆಸೆಯಿಂದ. ಕಾಪುವಿನ ಶಾಲೆಯಲ್ಲಿ ಹಾಯಾಗಿ ಕನ್ನಡ ಪಾಠ ಮಾಡಿಕೊಂಡಿದ್ದ ನನಗೆ ಕಾರ್ಕಳ ತಾಲೂಕಿಗೆ ವರ್ಗವಾಯಿತು. ಕಾರ್ಕಳ ಪೇಟೆಯಾಗಿದ್ದರೆ ಬಸ್ಸಿಗೇನೂ ಬರವಿಲ್ಲ. ಇದು ಪೇಟೆಯಿಂದಲೂ ಒಳಗೆ. ಬೆಳಗಿನ ಒಂದೇ ಬಸ್ಸು ಪ್ರಾರ್ಥನೆ ಮುಗಿದು ಹಾಜರಿ ಕೂಗಿ ಆದ ಮೇಲೆ ಊರು ಮುಟ್ಟುತ್ತದೆ. ಮಗಳು ಆ ವರ್ಷ ಎಸ್ಸೆಸ್ಸೆಲ್ಸಿ, ಅವಳ ಅಪ್ಪ ದೋಹಾದಲ್ಲಿ. ಹೊಸ ಶಾಲೆಯ ಊರಿನಲ್ಲಿ ರೂಮು ಮಾಡಿದರೆ ಮಗಳು ಒಬ್ಬಳೇ, ಮನೆಯಲ್ಲಿ ಉಳಿದರೆ ಕೆಲಸ ಬಿಟ್ಟ ಹಾಗೆ. ಒಂದು ವರ್ಷ ಸಂಬಳವಿಲ್ಲದ ರಜೆ ಹಾಕೆಂದು ನಮ್ಮವರು ಫೋನಿನಲ್ಲಿ ಬಹಳ ಮೆತ್ತಗೆ ಹೇಳಿದರು. ಆ ಮೆತ್ತಗಿನ ದನಿಗೇ ನನಗೆ ಸಿಟ್ಟು ಬಂತು. ಪೋರ್ಟಿಕೋದಲ್ಲಿ ಕಾರು ಹೊದಿಕೆ ಹೊದ್ದು ಮಲಗಿತ್ತು, ವರ್ಷಕ್ಕೊಮ್ಮೆ ಅವರು ಬಂದಾಗ ಏಳುತ್ತಿತ್ತು. ಶಾಲೆ ಶುರುವಾಗುವುದರೊಳಗೆ ಅದನ್ನು ನಾನೇ ಓಡಿಸುತ್ತೇನೆ ಎಂದು ಹೇಳಿ ಫೋನಿಟ್ಟೆ.

ನಮ್ಮವರು ಅಕೌಂಟೆಂಟ್. ಹಟವನ್ನೂ ಎಕ್ಸೆಲ್‌ಗೆ ಹಾಕುವ ಮನುಷ್ಯ. ಮರುದಿನವೇ ಯೋಜನೆ ಬಂತು: ಎಲ್ಎಲ್ಆರ್ ಯಾವಾಗ, ಅದಾಗಿ ತಿಂಗಳು ಕಳೆದ ಮೇಲೆ ಟೆಸ್ಟ್ ಯಾವಾಗ, ನಡುವೆ ಎಷ್ಟು ಕ್ಲಾಸು, ಕ್ಲಾಸಿಗೆ ಎಷ್ಟು. ಕೊನೆಯ ಕಾಲಂ ಮಾತ್ರ ಖಾಲಿ. ಅದನ್ನು ತುಂಬಿಸಲಿಕ್ಕೆ ನಾನು ವಾರಿಜಕ್ಕನ ಅಂಗಳಕ್ಕೆ ಹೋಗಿ ಪ್ಯಾಕೇಜು ಎಷ್ಟೆಂದು ಕೇಳಿದೆ.

"ಪ್ಯಾಕೇಜು ಗೀಕೇಜು ನನ್ನಲ್ಲಿಲ್ಲ. ಒಂದು ಕ್ಲಾಸಿಗೆ ಒಂದು ಚೆಂಡು" ಎಂದರು.

ಹೂವು ತಂದುಕೊಡಬೇಕೇನೋ ಎಂದು ನಾನು ಪಿಳಿಪಿಳಿ ನೋಡಿದೆ.

"ಹೂವಲ್ಲ ಟೀಚರೇ, ಹೂವಿನ ರೇಟು. ಆ ದಿನ ಕಟ್ಟೆಯಲ್ಲಿ ಒಂದು ಚೆಂಡಿಗೆ ಎಷ್ಟು ಉಂಟೋ, ಕ್ಲಾಸಿಗೂ ಅಷ್ಟೇ. ನಿಮ್ಮೊಟ್ಟಿಗೆ ಕೂತ ಹೊತ್ತಿನಲ್ಲಿ ಮನೆಯಲ್ಲಿ ಕೂತಿದ್ರೆ ಒಂದು ಚೆಂಡು ಆಗ್ತಿತ್ತಲ್ಲ?"

ಎಷ್ಟು ಕ್ಲಾಸು ಬೇಕಾದೀತೆಂದು ಕೇಳಿದೆ. ಅದನ್ನು ನಿಮ್ಮ ಎಡಗಾಲು ಹೇಳಬೇಕು ಎಂದರು. ಮಳೆ ಹೊಯ್ಯುವ ಆಟಿ ತಿಂಗಳಲ್ಲಿ ಬಂದಿದ್ದರೆ ಅಗ್ಗವಾಗುತ್ತಿತ್ತು, ಆಗ ಮದುವೆಯಿಲ್ಲ, ಹೂವಿಗೆ ಬೆಲೆಯಿಲ್ಲ ಎಂದು ನನ್ನ ಬಗ್ಗೆ ಮರುಕವನ್ನೂ ಪಟ್ಟರು. ನಾನು ಬಂದಿದ್ದು ಏಪ್ರಿಲಿನಲ್ಲಿ, ಊರಿನ ಛತ್ರಗಳಲ್ಲೆಲ್ಲ ವಾಲಗ ಊದುವ ಕಾಲದಲ್ಲಿ.

ನಮ್ಮವರ ಎಕ್ಸೆಲ್ ಅಲ್ಲಿಗೆ ಮಕಾಡೆ ಮಲಗಿತು. ಆದರೆ ಅವರು ಸುಮ್ಮನಿರುವವರಲ್ಲ. ಮಲ್ಲಿಗೆಯ ದಿನದ ರೇಟು ಬರುವ ವಾಟ್ಸಾಪ್ ಗುಂಪಿಗೆ ಸೇರಿಕೊಂಡರು. ದೋಹಾದ ಆಫೀಸಿನಲ್ಲಿ ಕೂತು ಶಂಕರಪುರದ ಹೂವಿನ ಏರಿಳಿತ ನೋಡುವ ಇನ್ನೊಬ್ಬ ಅಕೌಂಟೆಂಟ್ ಇರಲಾರ. ಪಂಚಾಂಗ ನೋಡಿ ಮುಹೂರ್ತ ಇರುವ ದಿನ ಕ್ಲಾಸಿಗೆ ಹೋಗಬೇಡ, ಅಮಾವಾಸ್ಯೆಯ ಹತ್ತಿರ ಎರಡೆರಡು ಕ್ಲಾಸು ಮಾಡು ಎಂದು ಸಂದೇಶ ಬರುತ್ತಿತ್ತು. ನಾನೂ ಹಾಗೆಯೇ ತಲೆನೋವು, ಹೊಟ್ಟೆನೋವು ಎಂದು ರಜೆ ಹಾಕತೊಡಗಿದೆ. ಮೂರನೆಯ ಸಲ ವಾರಿಜಕ್ಕ ಹೂವಿನಿಂದ ತಲೆ ಎತ್ತದೆ ಕೇಳಿದರು, "ಯಾರದ್ದೋ ಮದುವೆಗೆ ನಿಮಗೆ ಎಂತಕ್ಕೆ ಹೊಟ್ಟೆನೋವು ಬರುವುದು ಟೀಚರೇ?" ಅಂದಿನಿಂದ ಮುಹೂರ್ತವೋ ಅಮಾವಾಸ್ಯೆಯೋ, ಬಾಯಿ ಮುಚ್ಚಿಕೊಂಡು ಹೋದೆ.

ಆಕೆ ಕಾರಿನಲ್ಲಿಯೇ ಹೂವು ಕಟ್ಟಿಕೊಳ್ಳುತ್ತಾಳೆ, ಮತ್ತೆ ನಿನ್ನಿಂದಲೂ ಹೂವಿನ ದುಡ್ಡು ಯಾಕೆ ಎಂದು ನಮ್ಮವರು ಒಂದು ದಿನ ಬಹಳ ನ್ಯಾಯವಾದ ಪ್ರಶ್ನೆ ಎತ್ತಿದರು. ಅದನ್ನು ಹಾಗೆಯೇ ವಾರಿಜಕ್ಕನಿಗೆ ಮುಟ್ಟಿಸಿದೆ. ಅವರು ಅರ್ಧ ಕಟ್ಟಿದ ಚೆಂಡನ್ನು ನನ್ನ ಮೂಗಿನೆದುರು ಹಿಡಿದರು. ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ಹಲ್ಲುದುರಿದ ಬಾಯಿಯಂತೆ ಇತ್ತು. ನಾನು ಗೇರು ಬದಲಿಸಿದ ಜಾಗವೆಲ್ಲ ಅದರಲ್ಲಿ ಕಾಣುತ್ತಿತ್ತು. ಕಟ್ಟೆಯವರು ಅದಕ್ಕೆ ಅರ್ಧ ರೇಟು ಕೊಟ್ಟು, ಇವತ್ತು ಯಾರು ಓಡಿಸಿದ್ದೆಂದು ನಗಾಡುತ್ತಾರಂತೆ.

ಪಾಠವೆಲ್ಲ ಕನ್ನಡದಲ್ಲಿ. ಕಾರಿನ ಹೊರಗೆ ನಾವಿಬ್ಬರೂ ತುಳುವಿನಲ್ಲಿ ಮಾತಾಡಿಕೊಂಡರೂ ಬಾಗಿಲು ಹಾಕಿದ ಕೂಡಲೇ ಅವರಿಗೆ ಕನ್ನಡ ಬರುತ್ತಿತ್ತು. ಟೆಸ್ಟಿನಲ್ಲಿ ಸಾಹೇಬರು ಕೇಳುವುದು ಕನ್ನಡದಲ್ಲಿ ಎಂಬುದು ಕಾರಣ. ಬೈಗುಳ ಮಾತ್ರ ತುಳುವಿನಲ್ಲಿಯೇ ಉಳಿದಿತ್ತು, ಅದು ಟೆಸ್ಟಿಗೆ ಇಲ್ಲವಲ್ಲ. ರಿವರ್ಸ್ ಕಲಿಸಲಿಕ್ಕೆ ಅವರು ಆರಿಸಿದ್ದು ಆದಿ ಉಡುಪಿಯ ಮಾರುಕಟ್ಟೆ ಯಾರ್ಡು, ಅದೂ ಸಂತೆಯ ದಿನ. ತರಕಾರಿ ಗೋಣಿಗಳ ನಡುವೆ ಹಿಂದೆ ಹಿಂದೆ ಹೋಗಿ, ಒಂದು ಸೌತೆಕಾಯಿಗೂ ಗಾಯ ಮಾಡದೆ ನಿಲ್ಲಿಸಿದಾಗ ನನಗೆ ಇದರಲ್ಲಿ ಏನೋ ದೊಡ್ಡ ಪಾಠ ಇದೆ ಅನ್ನಿಸಿತು. ಜನರ ಗದ್ದಲದಲ್ಲಿ ಧೈರ್ಯ ಬರಲೆಂದು ಇಲ್ಲಿಗೆ ತಂದಿರಾ ಎಂದು ಭಕ್ತಿಯಿಂದಲೇ ಕೇಳಿದೆ. "ಎಂತ ಧೈರ್ಯ ಮಾರಾಯ್ತಿ, ಮನೆಯಲ್ಲಿ ನೀರುಳ್ಳಿ ಮುಗಿದಿದೆ" ಎಂದು ಚೀಲ ಹಿಡಿದು ಇಳಿದರು.

ಅವರ ಶಾಲೆಯಲ್ಲಿ ನಿಜವಾದ ಪರೀಕ್ಷೆ ಬೇರೆಯೇ ಇತ್ತು. ಕಲಿಯುವವರ ಮೇಲೆ ನಂಬಿಕೆ ಬಂದ ದಿನ ವಾರಿಜಕ್ಕ ಚಪ್ಪಲಿ ಕಳಚಿ, ಪೆಡಲಿನಿಂದ ಕಾಲೆತ್ತಿ, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು. ಆಮೇಲೆ ಏನಾದರೂ ಬ್ರೇಕು ನಿಮ್ಮದೇ. ಮಣಿಪಾಲದ ಒಬ್ಬ ಡಾಕ್ಟರಮ್ಮನಿಗೆ ವಾರ ಕಳೆಯುವುದರೊಳಗೆ ಕಾಲೆತ್ತಿದರಂತೆ. ಎರ್ಮಾಳಿನಿಂದ ಮೀನು ಮಾರಲಿಕ್ಕೆ ಟೆಂಪೋ ಕಲಿಯಬೇಕೆಂದು ಬಂದ ಒಬ್ಬರಿಗೆ ಅದಕ್ಕಿಂತಲೂ ಬೇಗ. ನನಗೆ ತಿಂಗಳಾದರೂ ಆ ಎರಡು ಕಾಲುಗಳು ಇದ್ದಲ್ಲಿಯೇ ಇದ್ದವು. ನಾನು ಗೇರು ಹಾಕುವಾಗ ಒಮ್ಮೆ, ತಿರುವಿನಲ್ಲಿ ಒಮ್ಮೆ ಅವನ್ನು ಓರೆಗಣ್ಣಿನಿಂದ ನೋಡುತ್ತಿದ್ದೆ. ಕದಲುತ್ತಿರಲಿಲ್ಲ. ಜೂನ್ ಹತ್ತಿರ ಬರುತ್ತಿತ್ತು. ಕಾರು ಓಡುತ್ತಿರುವುದು ನನ್ನ ಕಾಲಿನಿಂದಲೋ ಅವರ ಕಾಲಿನಿಂದಲೋ ಎಂದೇ ಗೊತ್ತಿಲ್ಲದೆ ಕಾರ್ಕಳಕ್ಕೆ ಒಬ್ಬಳೇ ಹೇಗೆ ಹೋಗಲಿ ಎಂದು ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಮೇ ತಿಂಗಳ ಒಂದು ದೊಡ್ಡ ಮುಹೂರ್ತದ ದಿನ ಇನ್ನೊಂದು ಅನಾಹುತವೂ ಆಯಿತು. ಶಿರ್ವದ ಕಡೆಯಿಂದ ಬರುವಾಗ ಏರಿನಲ್ಲಿ ಕಾರು ನಿಂತುಹೋಯಿತು. ಸ್ಟಾರ್ಟ್ ಮಾಡಿದೆ, ನಿಂತಿತು. ಮತ್ತೆ ಮಾಡಿದೆ, ಹಿಂದಕ್ಕೆ ಜಾರಿತು. ಹಿಂದೆ ಬಸ್ಸು, ಅದರ ಹಿಂದೆ ಟಿಪ್ಪರು, ಎಲ್ಲರ ಹಾರ್ನೂ ನನ್ನ ಬೆನ್ನಿಗೆ. ವಾರಿಜಕ್ಕ ತಾವು ಬ್ರೇಕು ಒತ್ತಿ ಹಿಡಿದರೇ ಹೊರತು ಸ್ಟಿಯರಿಂಗ್ ಕೇಳಲಿಲ್ಲ, ನೀವೇ ಹತ್ತಿಸಿ ಎಂದು ಕೂತರು. ಅಂತೂ ಹತ್ತಿಸಿ ಕಟ್ಟೆಗೆ ಬಂದರೆ ಹೂವಿನ ಗಾಡಿ ಹೊರಟುಹೋಗಿತ್ತು. ವರ್ಷದಲ್ಲಿಯೇ ಹೆಚ್ಚಿನ ರೇಟು ಇದ್ದ ದಿನ, ಬುಟ್ಟಿ ತುಂಬಾ ಹೂವು. ನನಗೆ ಅಳು ಬಂತು. ನಷ್ಟ ನಾನೇ ಕೊಡುತ್ತೇನೆ ಎಂದೆ. ಅವರು ಇಳಿದು, ಚೆಂಡುಗಳನ್ನು ಬಿಚ್ಚಿ, ಬಾನೆಟ್ಟಿನ ಮೇಲೆ ಆ ಕಡೆಗೊಂದು ಈ ಕಡೆಗೊಂದು ಇಳಿಬಿಟ್ಟು, ಕನ್ನಡಿಗಳಿಗೆ ಸುತ್ತಿ, ಉಳಿದದ್ದನ್ನು ಎಲ್ ಬೋರ್ಡಿಗೆ ಮುಡಿಸಿದರು. ಬಾಡಿ ಬಿಸಾಡುವುದಕ್ಕಿಂತ ಇದು ಒಳ್ಳೆಯದಲ್ವಾ ಎಂದು ಕೈ ಝಾಡಿಸಿಕೊಂಡು ಹತ್ತಿ ಕೂತರು.

ಹಾಗೆ ನಾವು ಮದುವೆ ಕಾರಿನಲ್ಲಿ ಕಟಪಾಡಿಗೆ ಬಂದೆವು. ಅಲ್ಲಿಯವರೆಗೆ ನನ್ನನ್ನು ನಾಯಿಗೂ ಕಡೆ ಮಾಡುತ್ತಿದ್ದ ಬಸ್ಸಿನವರು ನಿಂತು ದಾರಿ ಬಿಟ್ಟರು. ಒಬ್ಬ ಕಂಡಕ್ಟರ್ ಇಳಿದು ಕೈ ಅಡ್ಡ ಹಿಡಿದು ಉಳಿದ ಗಾಡಿಗಳನ್ನು ತಡೆದ. ಜನ ಬಗ್ಗಿ ಹಿಂದಿನ ಸೀಟಿನಲ್ಲಿ ಮದುಮಗಳನ್ನು ಹುಡುಕಿದರು. ಹೆದ್ದಾರಿಯಲ್ಲಿ ಕಾಪುವಿನವರೆಗೆ ಒಂದೇ ಒಂದು ಹಾರ್ನು ಇಲ್ಲ, ಕಾರು ಒಮ್ಮೆಯೂ ನಿಲ್ಲಲಿಲ್ಲ. ಜೀವನದಲ್ಲಿ ಮೊದಲ ಸಲ ಹೆದರಿಕೆಯಿಲ್ಲದೆ ಓಡಿಸಿದೆ, ಅದರ ಖುಷಿಯನ್ನು ಈಗ ಹೇಳಿದರೆ ನಗುತ್ತೀರಿ. ಫೋಟೋ ದೋಹಾಕ್ಕೆ ಕಳಿಸಿದೆ. ಯಾರ ಮದುವೆ ಎಂದು ಕೇಳಿದರು, ಆಮೇಲೆ ಇವತ್ತಿನ ರೇಟು ಗೊತ್ತುಂಟಾ ಎಂದು ಕೇಳಿದರು. ವಾರಿಜಕ್ಕ ಆ ದಿನದ ಫೀಸನ್ನೂ ಮುಟ್ಟಲಿಲ್ಲ.

ಮಣಿಪಾಲದಲ್ಲಿ ಟೆಸ್ಟ್ ಪಾಸಾಯಿತು. ಲೈಸೆನ್ಸು ಕೈಗೆ ಬಂದ ದಿನ ಸಿಹಿ ಹಿಡಿದುಕೊಂಡು ಹೋದೆ. ಆದರೆ ಮನಸ್ಸಿನಲ್ಲಿ ಒಂದು ಮುಳ್ಳು ಇತ್ತು, ಕೇಳಿಯೇ ಬಿಟ್ಟೆ: ಸರಕಾರವೇ ನಂಬಿತು, ನೀವು ಯಾಕೆ ಒಂದು ದಿನವೂ ಕಾಲೆತ್ತಲಿಲ್ಲ?

"ನೀವು ನನ್ನ ಕಾಲು ನೋಡ್ತಿದ್ರಿ ಟೀಚರೇ" ಎಂದರು. "ನನ್ನ ಕಾಲು ನೋಡುವವರು ರಸ್ತೆ ನೋಡುವುದು ಯಾವಾಗ? ಅಂಥವರ ಕಾರಿನಲ್ಲಿ ನಾನು ಕಾಲು ಮೇಲೆ ಹಾಕಿ ಕೂತ್ಕೊಳ್ಳುವುದುಂಟಾ?"

ಹಾಗಾದರೆ ಅವರ ಕಣ್ಣು ಇಷ್ಟು ದಿನ ಹೂವಿನ ಮೇಲಿರಲಿಲ್ಲ. ನನಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಜೂನ್ ಮೊದಲ ದಿನ ಆ ಸಿಟ್ಟಿನಲ್ಲಿಯೇ ಶಿರ್ವ, ಬೆಳ್ಮಣ್ಣು ದಾಟಿ ಕಾರ್ಕಳದ ಆಚೆಗೆ ಒಬ್ಬಳೇ ಹೋದೆ. ಪಕ್ಕದ ಸೀಟು ಖಾಲಿಯಿದ್ದರೂ ಎರಡು ಸಲ ಅದರ ಕೆಳಗೆ ನೋಡಿದೆ. ಪ್ರಾರ್ಥನೆಯ ಗಂಟೆ ಬಾರಿಸುವಾಗ ಅಂಗಳದಲ್ಲಿ ಕಾರು ನಿಲ್ಲಿಸಿದೆ. ಸಂಜೆ ಮಗಳು ಟ್ಯೂಷನ್ನಿನಿಂದ ಬರುವುದರೊಳಗೆ ಮನೆಯಲ್ಲಿದ್ದೆ. ಆ ವರ್ಷವೂ ಮುಂದಿನ ವರ್ಷಗಳೂ ಹಾಗೆಯೇ ನಡೆದವು.

ವಾರಿಜಕ್ಕನನ್ನು ಕೊನೆಯದಾಗಿ ಕಂಡದ್ದು ಕಳೆದ ಮಳೆಗಾಲದಲ್ಲಿ. ಕಣ್ಣಿಗೆ ಪೊರೆ ಬಂದು ಅವರು ಕಲಿಸುವುದು ಬಿಟ್ಟಿದ್ದರು. ಮಣಿಪಾಲದಲ್ಲಿ ಒಂದು ಕಣ್ಣಿನ ಆಪರೇಷನ್, ಟೀಚರ್ ಕರೆದುಕೊಂಡು ಹೋಗ್ತಾರಾ ಎಂದು ಹೇಳಿಕಳಿಸಿದರು. ಇನ್ನೊಂದು ಕಣ್ಣಿಗೆ ದಿನ ಗೊತ್ತಾಗುವ ಮೊದಲೇ ಎದೆನೋವು ಬಂದು ಹೊರಟುಹೋದರು. ಹಾಗಾಗಿ ನಾನು ಅವರನ್ನು ಕರೆದುಕೊಂಡು ಹೋದದ್ದು ಆ ಒಂದೇ ಸಲ.

ಆ ದಿನ ಹೋಗುವಾಗ ನನ್ನ ಕಾರಿನ ಎಡಗಡೆ ಇಲ್ಲದ ಬ್ರೇಕನ್ನು ಅವರು ದಾರಿಯುದ್ದಕ್ಕೂ ಒತ್ತಿದರು. ಪ್ರತಿ ಸರ್ಕಲಿನಲ್ಲಿ ಮ್ಯಾಟಿನ ಮೇಲೆ ಕಾಲು ಚಪ್ಪೆಂದು ಬೀಳುತ್ತಿತ್ತು. ನನಗೆ ಹಳೆಯ ಮುಳ್ಳು ಮತ್ತೆ ಚುಚ್ಚಿತು. ಬರುವಾಗ ಆಪರೇಷನ್ ಆದ ಕಣ್ಣಿಗೆ ಪಟ್ಟಿ, ಇನ್ನೊಂದರಲ್ಲಿ ಪೊರೆ, ಎದುರು ಏನೂ ಕಾಣದ ಸ್ಥಿತಿ. ಅಲ್ಲಾಡಿಸದೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿದ್ದರು. ಮಳೆ ಹೊಯ್ಯುತ್ತಿತ್ತು, ಗುಂಡಿಗಳಲ್ಲೆಲ್ಲ ನೀರು ತುಂಬಿತ್ತು. ಎಲ್ಲಿ ಗುಂಡಿ, ಎಲ್ಲಿ ರಸ್ತೆ ಎಂದು ಹುಡುಕುತ್ತಾ, ನಡುದಾರಿಯಲ್ಲಿ ಸಿಗುವ ಉದ್ಯಾವರದ ಸೇತುವೆ ದಾಟಿ ಶಂಕರಪುರದವರೆಗೆ ಬಂದೆ.

ಅಂಗಳದಲ್ಲಿ ನಿಲ್ಲಿಸಿ, ಕೊಡೆ ಬಿಡಿಸಿ, ಅವರ ಕಡೆಯ ಬಾಗಿಲು ತೆರೆದೆ. ಚಪ್ಪಲಿ ಎರಡೂ ಮ್ಯಾಟಿನ ಮೇಲೆ ಒಂದರ ಪಕ್ಕ ಒಂದು ಇದ್ದವು. ವಾರಿಜಕ್ಕ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ, ಮಡಿಲಲ್ಲಿ ಕೈ ಇಟ್ಟುಕೊಂಡು ಕೂತಿದ್ದರು.

ಯಾವಾಗ ಕಾಲು ಮೇಲೆ ಹಾಕಿದ್ರಿ ಎಂದು ಕೇಳಿದೆ.

"ಉದ್ಯಾವರದ ಸೇತುವೆ ಸಿಕ್ಕುವ ಮೊದಲೇ" ಎಂದರು, ಕಾಲಿನಿಂದ ಚಪ್ಪಲಿಯನ್ನು ತಡವುತ್ತಾ. "ನೀವು ನೋಡಲೇ ಇಲ್ಲ."